ದೊಡ್ಡವ್ವ ಕಟ್ಟಿದ ಫೀ

"ದೊಡ್ಡವ್ವ ಕಟ್ಟಿದ ಫೀ ತೆರಿಗಿ ವಿನಾಯ್ತಿಗೆ ತೋರ್ಸಾಕ ಬರೂದಿಲ್ರಿ ಅಕ್ಕಾರ," ಅಂದ ಜೈನುದ್ದೀನ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. ಇಂಡಿ ಊರಿನ ಅರ್ಧ ನೌಕರದಾರರ ತೆರಿಗೆ ರಿಟರ್ನ್ ತುಂಬುವವನು ಅವನೇ. "ಹಡದ ಮಕ್ಕಳಿರಬೇಕು, ಇಲ್ಲಾ ಕಾಯ್ದೇಶೀರ ದತ್ತಕ ತಗೊಂಡವರು. ಅಷ್ಟ."

"ಹಂಗಾರ ಹೋದ ವರ್ಷ ಹ್ಯಾಂಗ ಹಾಕಿದ್ರಿ?"

"ನೀವು ಮಗಳ ಫೀ ಅಂದ್ರಿ, ಹಾಕಿದೆ. ಈ ಸಲ ಕಾಲೇಜಿನ ಪಾವತಿ ಚೀಟಿ ಮ್ಯಾಲ ತಾಯಿ ಹೆಸರು ಬ್ಯಾರೇನ ಐತಿ."

ಸರಕಾರಿ ದವಾಖಾನೆಯ ನರ್ಸ್ ಸುವರ್ಣಾ ಚೀಟಿಯ ಮೇಲಿದ್ದ ತಂಗಿಯ ಹೆಸರನ್ನು ನೋಡಿದಳು. ತಂಗಿ ತೀರಿಕೊಂಡಾಗ ಸಿಂದಗಿಯಿಂದ ಬಗಲಲ್ಲಿ ಎತ್ತಿಕೊಂಡು ಬಂದ ಕೂಸು ಜಯಮಾಲಾ. ಈಗ ಕೃಷಿ ಕಾಲೇಜಿಗೆ ಹೋಗುತ್ತಾಳೆ. ತಂಗಿಯ ಮಗಳನ್ನು ಮಗಳು ಅನ್ನದೆ ಈ ಸೀಮೆಯಲ್ಲಿ ಮತ್ತೇನು ಅಂತಾರೆ? ಹುಡುಗಿ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಅವಳ ಮುಂದೆಯೇ ಯಾರೋ ನೀನು ತಾಯಿ ಅಲ್ಲ ಅಂದಂತಾಗಿ ಸುವರ್ಣಾಳ ಮುಖ ಬಿಸಿಯಾಯಿತು.

ಜೈನುದ್ದೀನನಿಗೂ ಪಾಪ ಅನ್ನಿಸಿತು. "ಯಾರೂ ಕೇಳೂದಿಲ್ಲ ಬಿಡ್ರಿ. ಮಗಳು ಅಂತನ ಇರ್ಲೇನು?"

ಇರಲಿ ಅನ್ನಲು ಸುವರ್ಣಾ ಬಾಯಿ ತೆರೆದಿದ್ದಳು, ಅಷ್ಟರಲ್ಲಿ, "ಬ್ಯಾಡ್ರಿ ಕಾಕಾ, ತಗೀರಿ," ಅಂದಳು ಜಯಮಾಲಾ.

"ಯಾಕ? ಸುಳ್ಳೇನ ಅದು?" ಸುವರ್ಣಾ ಅವಳ ಕಡೆ ತಿರುಗಿದಳು.

"ಸರಕಾರದ ಲೆಕ್ಕಕ್ಕ ಸುಳ್ಳ. ನಾಳೆ ನೋಟೀಸ್ ಬಂದ್ರ ನೀನೂ ನಿದ್ದಿ ಮಾಡೂದಿಲ್ಲ, ನನಗೂ ಮಾಡಗೊಡೂದಿಲ್ಲ. ಇದರಾಗಿಂದ ತಗದ್ರ ನಾಳಿಂದ ನನಗ ರೊಟ್ಟಿ ಬಡಿಯೂದಿಲ್ಲೇನ ನೀ?"

"ಬಡೀತೇನಿ. ರೊಟ್ಟೀನೂ ಬಡೀತೇನಿ, ನಿನ್ನೂ ಬಡೀತೇನಿ."

ಜೈನುದ್ದೀನ ನಕ್ಕೇಬಿಟ್ಟ. ಸುವರ್ಣಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ತಗೀರಿ ಅಣ್ಣಾರ. ಹೋದ ವರ್ಷದ್ದೂ ತಿದ್ರಿ, ಎಷ್ಟ ಬರ್ತೈತಿ ಅಷ್ಟ ಕಟ್ತೇನಿ." ಆಮೇಲೆ ದನಿ ತಗ್ಗಿಸಿ ಕೇಳಿದಳು, "ಮತ್ತ ಇಕೀಗೆ ಸ್ಕಾಲರ್‌ಶಿಪ್ ಬಂದೈತ್ರಿ. ಅದರಾಗೂ ಮುರ್ಕೋತಾರೇನು?"

"ಅದು ಓದೂ ಸಲುವಾಗಿ ಕೊಟ್ಟ ರೊಕ್ಕರಿ. ಅದಕ್ಕ ತೆರಿಗಿ ಇಲ್ಲ. ಪೂರಾ ಇಕೀದ."

"ಪೂರಾ?"

"ಪೂರಾ ರೀ."

ಕೆಳಗಿನ ಹೋಟೆಲಿನಿಂದ ಚಹಾ ಬಂತು. ಜಯಮಾಲಾ ಮೊಬೈಲು ನೋಡುತ್ತಲೇ ತನ್ನ ಕಪ್ಪನ್ನು ಪಕ್ಕಕ್ಕೆ ಚಾಚಿದಳು. ಸುವರ್ಣಾ ಅದರ ಮೇಲೆ ಕಟ್ಟಿದ್ದ ಕೆನೆಯನ್ನು ಕಿರುಬೆರಳಿನಿಂದ ಎತ್ತಿ ತನ್ನ ಚಹಾದಲ್ಲಿ ಹಾಕಿಕೊಂಡು, ಕಪ್ಪನ್ನು ಅವಳ ಕೈಗೆ ಮರಳಿ ಕೊಟ್ಟಳು.