ನಾಳೆ ಯಾವ ಕಡೆ

೧

ಎಲ್ಲಿಂದ ಶುರು ಮಾಡಲಿ? ಗಂಡು ಒರಾಂಗುಟಾನಿನ ಕೂಗಿನಿಂದಲೋ, ರುಸ್ನಿ ಚಿಕ್ಕಮ್ಮನ ಗಂಡನ ಮೌನದಿಂದಲೋ? ಮೊದಲು ಕೂಗಿನಿಂದಲೇ ಶುರು ಮಾಡಿದ್ದೆ. "ಬೋರ್ನಿಯೋದ ಕೆಸರುಗಾಡಿನಲ್ಲಿ ಸಂಜೆ..." ಎಂದು ಬರೆದು ಓದಿದರೆ ಟಿವಿಯ ಪ್ರಾಣಿ ಕಾರ್ಯಕ್ರಮದಂತೆ ಕೇಳಿಸಿತು. ಹರಿದು ಹಾಕಿದೆ. (ರುಸ್ನಿ ಅದರಿಂದ ಒಲೆ ಹೊತ್ತಿಸಿದಳು. ಇಷ್ಟು ವರ್ಷ ಅವಳ ಜಗಲಿಯಲ್ಲಿ ಉಂಡುಕೊಂಡು ಬರೆದದ್ದರಿಂದ ಆದ ಮೊದಲ ಉಪಕಾರ.)

೨

ಸರಿ, ಅಡುಗೆಮನೆಯಿಂದ. ರುಸ್ನಿ ಬೆತ್ತದ ಎಳೆಚಿಗುರು ಹೆಚ್ಚುತ್ತಿದ್ದಾಳೆ. ಗಂಡ ಹಿತ್ತಿಲಲ್ಲಿ ಬಲೆ ರಿಪೇರಿ ಮಾಡುತ್ತಿದ್ದಾನೆ. ನಾಳೆ ಮೀನಿಗೆ ಹೋಗುತ್ತಾನೆ. ಯಾವ ಕಡೆಗೆ? ಹೇಳುವುದಿಲ್ಲ. ಹೊರಟವನು ದಿಕ್ಕು ಹೇಳಿದರೆ ನೀರಿನಲ್ಲಿರುವವರು ಕೇಳಿಸಿಕೊಂಡು ಬಲೆ ಬರಿದು ಮಾಡುತ್ತಾರಂತೆ. (ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದೆಂದು ನಿಮ್ಮ ಅಜ್ಜಿಯೂ ಗದರಿರಬೇಕು. ನಗಬೇಡಿ.)

ಕಳೆದ ಬೇಸಿಗೆಯಲ್ಲಿ ಅವನು ಕೆಸರುಗುಂಡಿಗೆ ಬಿದ್ದು ಕಾಲು ಮುರಿದುಕೊಂಡ. ಊರೆಲ್ಲ ಮೂಡಲ ಕಾಡನ್ನು ಜಾಲಾಡಿತು. ಅವನು ಬಿದ್ದಿದ್ದದ್ದು ಪಡುವಲ ಕಾಡಿನಲ್ಲಿ. ಮರುದಿನ ಅರೆಜೀವವಾಗಿ ಸಿಕ್ಕಿದ. ಈಗಲೂ ಕುಂಟುತ್ತಾನೆ. ನಾಳೆ ಮತ್ತೆ ಒಬ್ಬನೇ ಹೋಗುತ್ತಾನಂತೆ. ರುಸ್ನಿಗೆ ಬೇಕಿರುವುದು ಒಂದೇ ಮಾತು, ಯಾವ ಕಡೆ ಎಂದು.

ಮತ್ತೆ ೨ (ಹಿಂದಿನದರಲ್ಲಿ ಪ್ರಾಣಿಯೇ ಬರಲಿಲ್ಲ)

ಹೊಳೆಯಾಚೆ ಮುದಿ ಗಂಡು ಒರಾಂಗುಟಾನ್ ಕೂಗುತ್ತಿದೆ. ಅಗಲ ಕೆನ್ನೆ, ಉಬ್ಬಿದ ಕೊರಳಚೀಲ. ಸಂಜೆ, ಅಂದಿನ ಹೊಸ ಗೂಡಿಗೆ ಕೊಂಬೆ ಬಗ್ಗಿಸುವ ಹೊತ್ತಿಗೆ, ಅದು ಯಾವ ದಿಕ್ಕಿಗೆ ಮುಖ ಮಾಡಿ ಕೂಗುತ್ತದೋ ಬಹುಮಟ್ಟಿಗೆ ಮರುದಿನ ಆ ದಿಕ್ಕಿಗೇ ಹೋಗುತ್ತದೆ. ಮರಿ ಕಟ್ಟಿಕೊಂಡ ಹೆಣ್ಣುಗಳು ದೂರದಿಂದಲೇ ಕೇಳಿಸಿಕೊಂಡು, ಆ ದನಿ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ತಮ್ಮ ಪಾಡಿಗೆ ಹಣ್ಣು ತಿನ್ನುತ್ತವೆ. ಕೆನ್ನೆ ಬೆಳೆಯದ ಗಂಡುಗಳು ಹೀಗೆ ಕೂಗುವುದಿಲ್ಲ, ಸದ್ದಿಲ್ಲದೆ ಅಲೆಯುತ್ತವೆ.

"ಕೇಳಿಸ್ತಾ, ದೆಹೆನ್ ಅಪ್ಪ?" ಹಿರಿಮಗನ ಹೆಸರು ಹಿಡಿದು ರುಸ್ನಿ ಗಂಡನನ್ನು ಕರೆದಳು. "ಆ ಮೃಗಕ್ಕಿರೋ ಮರ್ಯಾದೆ ನಿನಗಿಲ್ಲ. ಕೆನ್ನೆ ಜೋತುಬಿದ್ದಿದ್ದೇ ಬಂತು, ಬಾಯಿ ಮಾತ್ರ ಬರಲಿಲ್ಲ."

"ಅವನೇನು ಮೀನು ಹಿಡೀತಾನಾ? ಹಣ್ಣು ಓಡಿಹೋಗಲ್ಲ ಕಣೆ."

೪

(ಮೂರನೆಯದನ್ನು ರುಸ್ನಿ ಕಿತ್ತುಕೊಂಡಳು.) ಅದರಲ್ಲಿ ಅವಳ ಗಂಡನನ್ನು ಸಾಯಿಸಿದ್ದೆ, ಕಥೆಗೆ ತೂಕ ಬರಲೆಂದು. ಓದಿ ಹೇಳಿದ ಕೂಡಲೇ ಅವಳು ನನ್ನ ಮುಂದಿನ ತಟ್ಟೆ ಎತ್ತಿಕೊಂಡಳು.

"ನನ್ನ ಅನ್ನ ತಿಂದು ನನ್ನ ಗಂಡನ್ನೇ ಸಾಯಿಸ್ತೀಯಾ? ಬೇರೆ ಬರಿ."

ಬೇರೆ ಬರೆದೆ. ಅವನು ಅವಳ ಕೈ ಹಿಡಿದು, ಕಣ್ಣೀರಿಟ್ಟು, ದಾರಿಯನ್ನೆಲ್ಲ ವಿವರಿಸುತ್ತಾನೆ. ರುಸ್ನಿ ನಕ್ಕು ನಕ್ಕು ಸುಸ್ತಾದಳು.

"ಇವನು ಯಾರೋ ಸೀರಿಯಲ್ಲಿನವನು. ನನ್ನೋನಲ್ಲ."

ತಟ್ಟೆ ಮಾತ್ರ ವಾಪಸ್ ಬಂತು.

೫

ಇದು ಕಟ್ಟಿದ್ದಲ್ಲ, ಕಂಡದ್ದು. ಹೊತ್ತು ಮುಳುಗುವ ಮುಂಚೆ ಅವನು ಕುಂಟುತ್ತ ಹೊಳೆಯ ಮೆಟ್ಟಿಲಿಗೆ ಹೋದ. ಮುದಿ ಗಂಡು ಸುಮ್ಮನಾಗಿತ್ತು. ಇವನು ಕೆಮ್ಮಿ ಗಂಟಲು ಸರಿಮಾಡಿಕೊಂಡು, ಆಚೆ ದಡದ ಮರಗಳಿಗೆ ಹೇಳಿದ:

"ಏ ಅಜ್ಜ, ನಾಳೆ ನಾನು ಪಡುವಲ ಕಡೆ, ಕರಿನೀರಿನ ಹಳ್ಳಕ್ಕೆ. ಅಡ್ಡ ಬರಬೇಡ."

ಅಡುಗೆಮನೆಗೂ ಕೇಳುವಷ್ಟು ಗಟ್ಟಿಯಾಗಿ. ರುಸ್ನಿಯ ಕೈಯ ಚಾಕು ನಿಂತಿತು.

"ಬಲೆ ಖಾಲಿ ಬಂದರೆ, ಚಿಕ್ಕಪ್ಪ?" ಎಂದು ನಾನು ಮೆಲ್ಲಗೆ ಕೇಳಿದೆ.

"ಬಂದರೆ ಬರಲಿ ಬಿಡು." ಒಳಗೆ ಹೋಗಿ ಹೆಂಡತಿಗೆ ಅಂದ, "ಅವನಿಗೆ ಹೇಳಿದ್ದು. ನಿನಗಲ್ಲ."

"ನಾನೆಲ್ಲಿ ಕೇಳಿಸಿಕೊಂಡೆ?"

ಅವಳಿಗೆ ಅಳು ಬಂದಿತ್ತು. ತಪ್ಪನ್ನು ಒಲೆಯ ಹೊಗೆಯ ಮೇಲೆ ಹಾಕಿದಳು.

೬

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಈಗ ಮರುದಿನದ ಸಂಜೆ, ದೋಣಿ ಇನ್ನೂ ಬಂದಿಲ್ಲ. ರುಸ್ನಿ ಮಣೆಯನ್ನು ಪಡುವಲ ಕಿಟಕಿಯ ಕೆಳಗೆ ಎಳೆದುಕೊಂಡು ಕೂತಿದ್ದಾಳೆ.

"ಮೀನು ಸಮೇತ ಬಂದ ಅಂತ ಬರೆದುಬಿಡಲಾ, ಚಿಕ್ಕಮ್ಮ?"

"ನೀನು ಬರೆದರೆ ಬರ್ತಾನಾ? ಸುಮ್ನಿರು. ನೀನು ಗೀಚೋ ಸದ್ದಿಗೆ ಆ ಕಡೆಯಿಂದ ಏನೂ ಕೇಳಿಸ್ತಿಲ್ಲ."

ಪೆನ್ನು ಕೆಳಗಿಡುತ್ತಿದ್ದೇನೆ.