ಮೂರನೆಯ ಮೂಲೆ

ನಮ್ಮ ದ್ವೀಪದ ಬೆಸ್ತರು ಮೀನು ಸಿಗುವ ಜಾಗವನ್ನು ಕಟ್ಟಿಕೊಂಡ ಹೆಂಡತಿಗೂ ಹೇಳುವುದಿಲ್ಲ. ಯಾವ ಇಗರ್ಜಿಯ ಗೋಪುರ ಯಾವ ಬಂಡೆಯ ನೇರಕ್ಕೆ ಬಂದಾಗ ಬಲೆ ಬಿಡಬೇಕು ಎಂಬ ಗುರುತು ಅಪ್ಪನಿಂದ ಮಗನ ಕಿವಿಗೆ ಬರುವಂಥದ್ದು. ರೇಡಿಯೋದಲ್ಲಿ ಯಾರಾದರೂ ಎಲ್ಲಿದ್ದೀಯ ಎಂದರೆ ಸುಳ್ಳು ಹೇಳುವುದೇ ವಾಡಿಕೆ. ಕೇಳಿದವನಿಗೂ ಅದು ಗೊತ್ತು. ನನ್ನ ಕಾಫಿ ಅಂಗಡಿಯ ರೇಡಿಯೋದಲ್ಲಿ ದಿನವಿಡೀ ಇಂಥ ಸುಳ್ಳುಗಳೇ.

ಅವತ್ತು ಬಡಗಣ ಗಾಳಿ ಎದ್ದಿತು. ಸಕೆಲ್ಲಾರಿಸನದೊಂದು ಬಿಟ್ಟು ಎಲ್ಲ ದೋಣಿಗಳೂ ಮರಳಿದವು. ಆಮೇಲೆ ಅವನ ದನಿ ಬಂತು: ಎಂಜಿನ್ ಕೆಟ್ಟಿದೆ, ನೀರು ಒಳಗೆ ಬರುತ್ತಿದೆ. ಪಕ್ಕದ ದ್ವೀಪದ ಬಂದರಿನವರು ಎಲ್ಲಿದ್ದೀಯ ಎಂದು ಕೇಳಿದರು. ಅವನು ಕೊಂಚ ತಡೆದು, ಕೆಂಪು ಬಂಡೆಯ ಆಚೆ, ಗಾಳಿಗಿರಣಿಯ ನೇರಕ್ಕೆ ಎಂದ. ಅಷ್ಟಕ್ಕೇ ಬ್ಯಾಟರಿ ಸತ್ತಿತು.

ಅವನ ಹೆಂಡತಿ ಸೇವಸ್ತಿ ನನ್ನೆದುರಿಗೇ ನಿಂತಿದ್ದಳು. "ಮುಳುಗ್ತಾ ಇದ್ರೂ ಸುಳ್ಳು ಹೇಳ್ತಾನಲ್ಲ, ನನ್ನ ಗಂಡ," ಎಂದಳು. "ಬಂಡೆ ಆಚೆ ಹೋದೋನಾ ಅವನು?"

ಹೊರಗೆ ಬಂದು ನೋಡಿದರೆ ಅವನ ನೀಲಿ ದೋಣಿ ಕೆಂಪು ಬಂಡೆಯ ಕಡೆಗಲ್ಲ, ಎದುರಿನ ತೆರೆದ ಕಡಲಿನಲ್ಲೇ ತೇಲಿಹೋಗುತ್ತಿತ್ತು. ಇಬ್ಬರು ದೋಣಿ ಇಳಿಸಿ ನೋಡಿದರು. ಅಲೆ ಅವರನ್ನು ಕಟ್ಟೆಗೇ ತಂದು ಎಸೆಯಿತು.

ನಮಗೆಲ್ಲ ರೇಖಾಗಣಿತ ಕಲಿಸಿದ ಅರ್ಗಿರೋ ಟೀಚರ್ ಶಾಲೆಯಿಂದ ಮರದ ದೊಡ್ಡ ಕೋನಮಾಪಕ ಹೊತ್ತು ತಂದರು. ಬಂದರುಕಟ್ಟೆಯ ದೀಪದ ಕಂಬದಿಂದ ಇಗರ್ಜಿಯ ಗೋಡೆಯವರೆಗಿನ ಉದ್ದ ಅವರಿಗೆ ಬಾಯಿಪಾಠ.

"ತಳ ಗೊತ್ತಿದೆ. ಎರಡು ಮೂಲೆ ಅಳೆದ್ರೆ ಮೂರನೇ ಮೂಲೇಲಿ ಸಕೆಲ್ಲಾರಿಸ್ ಸಿಕ್ತಾನೆ," ಎಂದರು. ನನ್ನ ಕಡೆ ತಿರುಗಿ, "ನನ್ನ ಕ್ಲಾಸಲ್ಲಿ ಗೊರಕೆ ಹೊಡೀತಿದ್ದೆಯಲ್ಲ, ಈಗಾದ್ರೂ ನೆಟ್ಟಗೆ ಹಿಡ್ಕೋ."

ಎರಡೂ ತುದಿಯಲ್ಲಿ ಅಳೆದೆವು. ಕೂಡಿಸಿ ನೂರೆಂಬತ್ತರಿಂದ ಕಳೆದರೆ ಮೂರನೆಯ ಕೋನ ಹದಿನೈದು. ಒಂದು ಮೈಲಿ ದೂರ. ರೇಡಿಯೋದಲ್ಲಿ ಪಕ್ಕದ ದ್ವೀಪದ ಬಂದರಿನವರಿಗೆ ಹೇಳಿದೆ. ದೋಣಿಯಲ್ಲಿರುವವನೇ ಒಂದು ಹೇಳುತ್ತಾನೆ, ಕಾಫಿ ಅಂಗಡಿಯವನು ಇನ್ನೊಂದು ಹೇಳುತ್ತೀಯ, ಯಾರನ್ನು ನಂಬಲಿ ಎಂದರು. ರಕ್ಷಣಾ ಹಡಗು ಕೆಂಪು ಬಂಡೆಯತ್ತಲೇ ಹೋಯಿತು.

ಮತ್ತೆ ಅಳೆದಾಗ ಐದು ಡಿಗ್ರಿ. ಆ ಮೂಲೆ ಚೂಪಾದಷ್ಟೂ ಅವನು ನಮ್ಮಿಂದ ದೂರ. ಸೇವಸ್ತಿ ಐದು ಎಂಬುದನ್ನೇ ತುಟಿಯಲ್ಲಿ ಹೇಳಿಕೊಳ್ಳುತ್ತಿದ್ದಳು, ಮಗುವಿಗೆ ಬಂದ ಜ್ವರವೇನೋ ಎಂಬಂತೆ.

ಕೊನೆಗೆ ರೇಡಿಯೋ ಮಾತಾಡಿತು. ಬಂಡೆಯ ಆಚೆ ಯಾರೂ ಇಲ್ಲ, ಇನ್ನೇನು ಕತ್ತಲಾಗುತ್ತದೆ, ಎಷ್ಟು ದೂರ ಅಂತ ಬೇಗ ಹೇಳಿ ಎಂದರು.

ದೋಣಿ ಆಗ ಸಾಸಿವೆ ಕಾಳು. ಅಲೆ ಇಳಿದಾಗ ಅದೂ ಇಲ್ಲ. ಟೀಚರ್ ಎರಡು ಕೋನ ಕೂಡಿಸಿದರು, ಮತ್ತೊಮ್ಮೆ ಕೂಡಿಸಿದರು. ನೂರಾ ಎಂಬತ್ತೊಂದು.

"ಯಾರದೋ ಕೈ ನಡುಗಿದೆ," ಎಂದರು ಸೇವಸ್ತಿಗೆ, ಮೆಲ್ಲಗೆ. "ನಂದೇ ಇರ್ಬೇಕು. ಈ ಗೆರೆಗಳು ಎಲ್ಲೂ ಸೇರಲ್ಲ ಕಣಮ್ಮಾ."

ನಾವು ಇನ್ನೊಮ್ಮೆ ಕಟ್ಟೆಗೆ ಓಡಿದೆವು. ಗುರಿಯಿಡಲು ನೀರಿನ ಮೇಲೆ ಏನೂ ಉಳಿದಿರಲಿಲ್ಲ.

ವಾಪಸು ಬಂದಾಗ ಸೇವಸ್ತಿ ಮೈಕು ಹಿಡಿದಿದ್ದಳು. ಅವನ ಬ್ಯಾಟರಿ ಸತ್ತು ಆಗಲೇ ಎಷ್ಟೋ ಹೊತ್ತಾಗಿತ್ತು.

"ಎಲ್ಲಿದ್ದೀಯೋ? ನನ್ನೊಬ್ಬಳಿಗೆ ಹೇಳು ಸಾಕು. ಯಾರಿಗೂ ಹೇಳಲ್ಲ."

ಮೇಜುಗಳ ಸುತ್ತ ಕೂತಿದ್ದ ಬೆಸ್ತರು ಒಬ್ಬೊಬ್ಬರಾಗಿ ಎದ್ದರು. ಅವನ ಗುರುತು ತಮ್ಮ ಕಿವಿಗೆ ಬೀಳಬಾರದೆಂದು ಹೊರಗೆ ಹೋಗಿ ಗಾಳಿಯಲ್ಲಿ ನಿಂತರು.