ಅಳಿಯ ಕೊಟ್ಟ ಚಶ್ಮಾ

ಜಹೀರಾಬಾದಿನ ಬಸ್ ಸ್ಟ್ಯಾಂಡಿನ ಎದುರು ಚಶ್ಮಾ ಅಂಗಡಿ ಇಟ್ಟಿದ್ದ ವೀರಭದ್ರನಿಗೆ ಒಂದು ಚಟ. ಗಿರಾಕಿ ಬಂದು ಕೂತರೆ ಸಾಕು, ಫ್ರೇಮಿನ ಪುರಾಣ ಬಿಚ್ಚುತ್ತಿದ್ದ. ಬೇಡ ಅಂದರೂ ಬಿಡುವ ಆಸಾಮಿಯಲ್ಲ.

ಆವತ್ತು ಸಿಕ್ಕವರು ನ್ಯಾಲ್ಕಲ್ ಕಡೆಯ ಟೀಚರಮ್ಮ ಧಮ್ಮಶೀಲಾ. ಅವರ ಮುಂದೆ ಸಾಲಾಗಿ ಫ್ರೇಮು ಹರವಿದ. ಈ ದಪ್ಪನೆಯದು ಅಸಿಟೇಟ್, ಬಿಸಿ ತೋರಿಸಿದರೆ ಕಿವಿಗೆ ಬೇಕಾದ ಹಾಗೆ ಬಾಗುತ್ತದೆ. ಇದು ಟಿಆರ್ ಅನ್ನುವ ಪ್ಲಾಸ್ಟಿಕ್ಕು, ಮಕ್ಕಳು ಮೇಲೆ ಕೂತರೂ ಸುಲಭಕ್ಕೆ ಮುರಿಯುವುದಿಲ್ಲ. ಇದು ಟೈಟಾನಿಯಂ, ಹಾಕಿಕೊಂಡದ್ದೇ ಗೊತ್ತಾಗುವುದಿಲ್ಲ. ಟೀಚರಮ್ಮ ಎಲ್ಲ ಕೇಳಿ ತಮ್ಮ ಹಳೆಯ ಚಶ್ಮಾ ತೆಗೆದರು. ಕಣ್ಣಿನ ಪಕ್ಕದಿಂದ ಕಿವಿಯವರೆಗೆ ಚರ್ಮ ಕೆಂಪಗೆ ಹುಣ್ಣಾಗಿತ್ತು. ಫ್ರೇಮಿನ ಕಡ್ಡಿಯ ಬಣ್ಣ ಹೋಗಿ ಹಸಿರು ಕಿಲುಬು ಕೂತಿತ್ತು. ಸೋಪು ಬದಲಿಸಿ ನೋಡಿದೆ, ಎಣ್ಣೆ ಬಿಟ್ಟು ನೋಡಿದೆ, ಹೋಗಲಿಲ್ಲ ಅಂದರು.

"ಸೋಪಿಂದೂ ಅಲ್ಲ, ಎಣ್ಣೀದೂ ಅಲ್ರಿ ಮೇಡಂ. ಇದರಾಗ ನಿಕಲ್ ಅದ. ಕೆಲವ್ರ ಚರ್ಮಕ್ಕ ಅದು ಆಗಿಬರಲ್ಲ. ಫ್ರೇಮ್ ಬದಲಿ ಮಾಡ್ರಿ, ಹುಣ್ಣ ತಾನೇ ಮಾಯ್ತದ."

ಹೇಳಿದ್ದು ಅಪ್ಪಟ ನಿಜ. ಆದರೆ ಬುತ್ತಿ ತಂದಿದ್ದ ಹೆಂಡತಿ ಪ್ರೇಮಲಾ ಹಿಂದೆ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಾಳೆಂಬುದು ಅವನಿಗೆ ಮರೆತೇಹೋಗಿತ್ತು. ಟೀಚರಮ್ಮ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು.

"ಮತ್ತ ನಮ್ಮವ್ವಂದು?"

ಝರಾಸಂಗಂನಲ್ಲಿರುವ ಅತ್ತೆ ಕಾಂತಾಬಾಯಿಗೆ ವೀರಭದ್ರನೇ ಚಶ್ಮಾ ಕೊಟ್ಟಿದ್ದ. ಹಬ್ಬದ ದಿನ ಬೀಗರು, ನೆಂಟರು, ಓಣಿಯವರು ಕೂತಿದ್ದಾಗ ಅಪ್ಪಟ ಟೈಟಾನಿಯಂ ಅಂತ ಜಂಬ ಕೊಚ್ಚಿ, ಎಲ್ಲರಿಂದ ಭೇಷ್ ಅನ್ನಿಸಿಕೊಂಡಿದ್ದ. ಅದು ನಿಕಲ್ ಬೆರೆತ ಅಗ್ಗದ ಮಾಲು. ಮುದುಕಿಗೆ ಏನು ಗೊತ್ತಾಗುತ್ತದೆ ಅನ್ನುವ ಸೊಕ್ಕು. ಬೇಸಿಗೆಯಲ್ಲಿ ಅತ್ತೆಗೆ ಇದೇ ಹುಣ್ಣಾಯಿತು. ಮತ್ತೆ ಅದೇ ಮಂದಿಯ ನಡುವೆ ಏನಪ್ಪಾ ಇದು ಅಂತ ಒಬ್ಬರು ಕೇಳಿದಾಗ ನಿಜ ಹೇಳಲು ನಾಲಿಗೆ ಏಳಲಿಲ್ಲ. ಬೆವರಿಗೆ ವಿಭೂತಿ ಕರಗಿ ಇಳಿದು ಚರ್ಮ ಸುಡುತ್ತಿದೆ, ಹಚ್ಚುವುದು ಬಿಡಲಿ ಅಂದುಬಿಟ್ಟ. ಗಂಡ ಮಾಣಿಕಪ್ಪ ತೀರಿಕೊಂಡ ಮೇಲೆ ಆಕೆಯ ಹಣೆಯ ಮೇಲೆ ಉಳಿದದ್ದೇ ಆ ವಿಭೂತಿ. ಆಕೆ ಅದನ್ನೂ ಬಿಟ್ಟಳು. ಥೂ, ತಾನೂ ಒಬ್ಬ ಮನುಷ್ಯನೇ ಅನ್ನಿಸಿತು ಈಗ ಅವನಿಗೆ.

ಆವತ್ತೇ ಅಂಗಡಿ ಮುಚ್ಚಿ, ನಿಜವಾದ ಟೈಟಾನಿಯಂ ಫ್ರೇಮಿಗೆ ಅತ್ತೆಯ ನಂಬರಿನ ಗಾಜು ಕೂರಿಸಿಕೊಂಡು ಇಬ್ಬರೂ ಗಾಡಿ ಹತ್ತಿದರು.

ಕಾಂತಾಬಾಯಿ ಅಂಗಳದಲ್ಲಿ ತೊಗರಿಬೇಳೆಯ ಮೊರವನ್ನು ಕಣ್ಣಿಗೆ ಹತ್ತಿರ ಹಿಡಿದು ಕಲ್ಲು ಆರಿಸುತ್ತಿದ್ದಳು. ಚಶ್ಮಾ ಇರಲಿಲ್ಲ. ಅಳಿಯನ ಗಾಡಿಯ ಸದ್ದು ಕೇಳಿದ್ದೇ ದಡಬಡಿಸಿ ಒಳಗೆ ಹೋಗಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಚಶ್ಮಾ ಹಾಕಿಕೊಂಡು ಬಂದಳು. ಗಾಜಿನ ಮೇಲೆ ದಪ್ಪ ಧೂಳು. ಹುಣ್ಣು ಎಂದೋ ಮಾಯ್ದಿತ್ತು. ಹಣೆ ಮಾತ್ರ ಬರಿದು.

"ಅತ್ತಿಯವರ, ಅದು ಟೈಟಾನಿಯಂ ಅಲ್ರಿ. ನಾ ಸುಳ್ಳ ಹೇಳ್ದೆ. ವಿಭೂತಿದೇನೂ ತಪ್ಪಿಲ್ಲ," ಅಂದ ವೀರಭದ್ರ, ನೆಲ ನೋಡುತ್ತ.

"ಗೊತ್ತದರಿ," ಅಂದಳು ಆಕೆ. ಚಶ್ಮಾ ತೆಗೆದಿಟ್ಟ ಮೇಲೆ ಹುಣ್ಣು ತಾನಾಗಿ ಹೋಗಿತ್ತಂತೆ. ಪ್ರೇಮಲಾಳಿಗೆ ಸಿಟ್ಟು ನೆತ್ತಿಗೇರಿತು. ಗೊತ್ತಿದ್ದೂ ಯಾಕೆ ಬರಿ ಹಣೆಯಲ್ಲಿ ತಿರುಗಿದಿ ಅಂತ ತಾಯಿಯನ್ನೇ ತರಾಟೆಗೆ ತೆಗೆದುಕೊಂಡಳು.

"ವಿಭೂತಿ ಹಚ್ಕೊಂಡ್ರ, ಈಗ್ಯಾಕ ಹುಣ್ಣ ಆಗವಲ್ದು ಅಂತ ಮಂದಿ ಕೇಳ್ತಾರವ್ವ. ನಾಲ್ಕ ಮಂದ್ಯಾಗ ಅಳಿಯಂದ್ರು ಆಡಿದ್ ಮಾತ ನಾ ಸುಳ್ಳ ಮಾಡ್ಲೇನು?"

ಅಷ್ಟು ದಿನ ಬರಿ ಹಣೆ ಹೊತ್ತದ್ದು ಅವನ ಮರ್ಯಾದೆ ಕಾಯಲು. ವೀರಭದ್ರನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಎದುರುಮನೆಯ ಬಂಡಮ್ಮನ ಕಟ್ಟೆಯ ಮೇಲೆ ಓಣಿಯ ಹೆಂಗಸರು ಕೂತಿದ್ದರು. ಹಬ್ಬದ ದಿನ ಭೇಷ್ ಅಂದವರು. ಅವರೆದುರು ನಿಂತು ತಾನು ಕೊಟ್ಟದ್ದು ಯಾವ ಮಾಲು, ಹುಣ್ಣು ಯಾತರಿಂದ ಆಯಿತು ಎಲ್ಲ ಹೇಳಿದ. ಬಂಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅವನನ್ನೇ ನೋಡಿದಳು.

ತಿರುಗಿ ಬಂದಾಗ ಅತ್ತೆ ಹೊಸ ಚಶ್ಮಾ ಹಾಕಿಕೊಂಡು ಚಹಾ ಸೋಸುತ್ತಿದ್ದಳು. ಹಣೆಯ ತುಂಬ ವಿಭೂತಿಯ ಮೂರು ಪಟ್ಟೆ, ಇನ್ನೂ ಹಸಿ. ಅವನು ಹೊಸ್ತಿಲು ದಾಟಿದ್ದು ಕಂಡು, ಅಳಿಯನಿಗೆ ಮುಜುಗರವಾದೀತೆಂದು, ಆಕೆ ಪಟ್ಟೆ ಮುಚ್ಚುವಷ್ಟು ಸೆರಗು ಕೆಳಗೆ ಎಳೆದುಕೊಂಡಳು.

ನಾಲ್ಕು ಮಾತು ಬೈದಿದ್ದರೂ ಅವನು ತಡೆದುಕೊಳ್ಳುತ್ತಿದ್ದ.